ಮೂರು ಕೋಟ್ ಕಂಡೀಷನರ್

"ಈ ಸಲ ಫೋಟೋದಲ್ಲಿ ನನ್ನ ತಲೆ ನೋಡಿ ಕ್ಯಾಮೆರಾನೇ ದಂಗಾಗಿಬಿಡಬೇಕು! ಹಾಗೆ ಮಾಡ್ತೀನಿ, ನೋಡ್ತಾ ಇರು!"

ಹೀಗೆಂದು ಘೋಷಿಸಿ ಅಂಟಣ್ಣ ನಡುಮನೆಯಲ್ಲಿ ಎದೆಯುಬ್ಬಿಸಿ ನಿಂತ. ಹೆಂಡತಿ ಹೊಲಿಗೆ ಯಂತ್ರದಿಂದ ತಲೆಯನ್ನೇ ಎತ್ತಲಿಲ್ಲ.

"ನಾನು ಕೇಳಿದ್ದು ಫೋಟೋ ರೀ. ತಲೆ ಅಲ್ಲ."

ಅಂಟಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವನು ಬಡಗಿ. ಮೇಜು, ಕಪಾಟುಗಳ ಮೇಲೆ ಹೊಳೆಯುವ ಮೈಕಾ ಹಾಳೆ ಅಂಟಿಸುವುದರಲ್ಲಿ ಎತ್ತಿದ ಕೈ. ಅವನು ಅಂಟಿಸಿದ್ದು ಬಿಡುವುದಿಲ್ಲ. ಬಿಡಿಸಲೇಬೇಕು ಎಂದರೆ ಮತ್ತೆ ಅವನನ್ನೇ ಕರೆಸಬೇಕು. ಒಮ್ಮೆ ಒಬ್ಬರ ಮನೆಯಲ್ಲಿ ಮೇಜಿನ ಜೊತೆ ಒಂದು ಚಮಚವನ್ನೂ ಅಂಟಿಸಿ ಬಂದಿದ್ದ. ಆ ಚಮಚ ಇವತ್ತಿಗೂ ಅಲ್ಲೇ ಇದೆ. ಮನೆಯವರು ಅದರ ಸುತ್ತಲೇ ತಟ್ಟೆ ಇಟ್ಟುಕೊಂಡು ಊಟ ಮಾಡುತ್ತಾರೆ!

ಇಂಥ ಅಂಟು ಕೈಯೇ ಅವನ ಮನೆಯ ಫೋಟೋಗೆ ಮುಳುವಾಗಿತ್ತು.

ಮದುವೆಯಾದ ವರ್ಷ ಗಂಡ ಹೆಂಡತಿ ಜೋಡಿಯಾಗಿ ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದರು. ಅದಕ್ಕೆ ಚೌಕಟ್ಟು ಕಟ್ಟಿದವನು ಇವನೇ. ನಾಲ್ಕು ಮೊಳೆ ಹೊಡೆದಿದ್ದರೆ ಸಾಕಿತ್ತು. ಆದರೆ ಅಂಟಣ್ಣನ ಮನೆಯ ಫೋಟೋಗೆ ಮೊಳೆಯೇ? ಫೋಟೋದ ಹಿಂದೆ, ಮುಂದೆ, ಗಾಜಿನ ಅಂಚಿಗೆ, ಧಾರಾಳವಾಗಿ ಅಂಟು ಬಳಿದ. ಆರು ತಿಂಗಳಿಗೆ ಗಾಜು ಬಿರುಕು ಬಿಟ್ಟಿತು. ಬದಲಿಸೋಣವೆಂದು ಗಾಜು ಎತ್ತಿದರೆ ಅದರ ಜೊತೆಗೆ ಗಂಡನೂ ಎದ್ದು ಬಂದ! ಚೌಕಟ್ಟಿನಲ್ಲಿ ಉಳಿದವಳು ನಗುತ್ತ ನಿಂತ ಹೆಂಡತಿ. ಅವಳ ಪಕ್ಕದಲ್ಲಿ ಒಂದು ಮೊಣಕೈ.

ಆ ಮೊಣಕೈ ಇಪ್ಪತ್ತೈದು ವರ್ಷದಿಂದ ಗೋಡೆಯ ಮೇಲೆ ನೇತಾಡುತ್ತಿದೆ.

"ಇದು ಯಾರದಮ್ಮ?" ಎಂದು ಹೊಸಬರು ಕೇಳುತ್ತಾರೆ.

"ನಮ್ಮನೆಯವರದು. ಮಿಕ್ಕಿದ್ದು ಗಾಜಿಗೆ ಹೋಯ್ತು," ಎನ್ನುತ್ತಾಳೆ ಹೆಂಡತಿ.

ಇನ್ನೊಂದು ಫೋಟೋ ತೆಗೆಸೋಣವೆಂದು ಅವಳು ಕೇಳದ ವರ್ಷವಿಲ್ಲ. ಒಮ್ಮೆ ಶಾಲೆಯ ಬೆಂಚಿನ ಕೆಲಸ ಅಡ್ಡ ಬಂತು. ಒಮ್ಮೆ ಬ್ಯಾಂಕಿನ ಕೌಂಟರು. ಮತ್ತೊಮ್ಮೆ ಯಾರದೋ ಅಡುಗೆಮನೆ. ಹೀಗೇ ಕಾಲ ಹೋಯಿತು. ಈಗ ಸ್ಟುಡಿಯೋ ತಾತನೇ ಅಂಗಡಿ ಮುಚ್ಚುತ್ತಿದ್ದಾನೆಂಬ ಸುದ್ದಿ ಬಂದಿತ್ತು. ಅಂದು ಫೋಟೋ ತೆಗೆದವನು ಅವನೇ. ಕಣ್ಣು ಮಂಜಾಗಿದೆ, ಸಾಮಾನು ಕಟ್ಟಿ ಮಗಳ ಮನೆಗೆ ಹೊರಡುತ್ತಾನೆ. ಇನ್ನು ಮೂರು ವಾರಕ್ಕೆ ಬರುವ ಭಾನುವಾರ ಕೊನೆಯ ದಿನ.

"ಆ ಫೋಟೋ ತೆಗೆದವರೇ ಇದನ್ನೂ ತೆಗೀಬೇಕು," ಎಂದಳು ಹೆಂಡತಿ. "ಆ ಭಾನುವಾರ ಹನ್ನೊಂದು ಗಂಟೆಗೆ ಹೇಳಿ ಬಂದಿದೀನಿ. ಇದೂ ತಪ್ಪಿದ್ರೆ, ಇಷ್ಟು ವರ್ಷ ಆ ಮೊಣಕೈ ಜೊತೇಲೇ ಸಂಸಾರ ಮಾಡಿದೆ ಅಂದ್ಕೋತೀನಿ."

ನಗುತ್ತಲೇ ಹೇಳಿದಳು. ಆದರೆ ಹೇಳಿದ ಮೇಲೆ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು. ಅಂಟಣ್ಣ ಅದನ್ನು ನೋಡಿದ. ಆಗ ಹೊರಬಿದ್ದದ್ದೇ ಮೇಲಿನ ಘೋಷಣೆ!

ತೊಂದರೆ ಏನೆಂದರೆ, ಗಾಜಿಗೆ ಹೋದ ಆ ಗಂಡನಿಗೆ ತಲೆತುಂಬ ಕೂದಲಿತ್ತು. ಈಗಿನ ಗಂಡನ ತಲೆ ಪಾಲಿಶ್ ಮಾಡಿದ ಸ್ಟೂಲಿನ ಹಾಗಿತ್ತು.

ಮುಖ್ಯರಸ್ತೆಯ ತಿರುವಿನಲ್ಲಿ ಹೇರ್ ಪ್ಯಾಚ್ ಹಾಕುವ ಅಂಗಡಿ ಇದೆ. ಅಲ್ಲಿನ ಹುಡುಗಿ ತಲೆಯ ಅಳತೆ ತೆಗೆದು, ತೆಳ್ಳನೆಯ ಬಲೆಗೆ ಹೆಣೆದ ಕೂದಲನ್ನು ನೆತ್ತಿಗೆ ಅಂಟಿನಿಂದ ಕೂರಿಸುತ್ತಾಳೆ. ಅದನ್ನು ಹಾಕಿಕೊಂಡೇ ಮಲಗಬಹುದು, ಸ್ನಾನ ಮಾಡಬಹುದು. ಅಂಟಿನ ವಿಷಯ ಎಂದ ಮೇಲೆ ಅಂಟಣ್ಣ ಸುಮ್ಮನೆ ಕೂರುವನೇ?

"ಸ್ಪಿರಿಟ್ ಹಾಕಿ ಒರೆಸಿದ್ಯಾ?"

"ಒರೆಸಿದೆ ಅಂಕಲ್."

"ಇನ್ನೊಂದ್ಸಲ ಒರೆಸು. ಜಿಡ್ಡು ಇದ್ರೆ ಅಂಟು ಹಿಡಿಯಲ್ಲ. ಎಷ್ಟು ಜನ ಬಡಗಿಗಳು ಇಲ್ಲೇ ಕೆಡ್ತಾರೆ ಗೊತ್ತಾ?"

"ನಾನು ಬಡಗಿ ಅಲ್ಲ ಅಂಕಲ್."

"ಅಂಟಿಸೋರೆಲ್ಲ ಒಂದೇ ಜಾತಿ. ಈಗ ಅದುಮು. ಮೂಲೆಗೆ ಬಾ. ಹಾ, ಹಾಗೆ! ಗಾಳಿ ಸೇರಬಾರದು!"

ಕೆಲಸ ಮುಗಿದ ಮೇಲೆ ಅವನು ಹಿಡಿದು ಎಳೆದು ನೋಡಿದ. ಬಗ್ಗಿ ನೋಡಿದ. ತಲೆ ಒದರಿ ನೋಡಿದ. ಒಂದು ಎಳೆಯೂ ಅಲುಗಲಿಲ್ಲ. "ಶಹಬ್ಬಾಸ್! ನೀನು ಮೈಕಾ ಕೆಲಸಕ್ಕೆ ಬರಬೇಕಿತ್ತು," ಎಂದು ಹುಡುಗಿಗೆ ಸರ್ಟಿಫಿಕೇಟು ಕೊಟ್ಟು ಮನೆಗೆ ಬಂದ.

ಹೆಂಡತಿ ಬಾಗಿಲು ತೆರೆದು, "ಅವರು ಕೆಲಸಕ್ಕೆ ಹೋಗಿದಾರೆ, ಸಂಜೆ ಬನ್ನಿ," ಎಂದಳು.

"ಲೇ, ನಾನೇ ಕಣೇ!"

ಅವಳು ಸುತ್ತು ಬಂದು ನೋಡಿದಳು. ಕೈಯಿಂದ ಮುಟ್ಟಿದಳು. "ಚೆನ್ನಾಗಿದೆ," ಎಂದಳು. ತುಸು ತಡೆದು, "ಆದರೆ ನನಗೆ ಆ ಸ್ಟೂಲೂ ಅಭ್ಯಾಸ ಆಗಿತ್ತು," ಎಂದಳು. ಅಂಟಣ್ಣ ಕನ್ನಡಿಯಲ್ಲಿ ಮುಳುಗಿದ್ದ. ಅದು ಅವನ ಕಿವಿಗೆ ಬೀಳಲಿಲ್ಲ.

ಎರಡು ವಾರ ರಾಜನ ಹಾಗೆ ಓಡಾಡಿದ. ಮರದ ಪುಡಿ, ಬಿಸಿಲು, ಬೆವರು ಸೇರಿ ಎರಡು ವಾರಕ್ಕೆ ರಾಜನ ಕಿರೀಟ ಒರಟಾಯಿತು. ಅರ್ಧ ಕೂದಲು ಆಕಾಶ ನೋಡುತ್ತಿತ್ತು, ಇನ್ನರ್ಧ ಪಕ್ಕದ ಮನೆ ನೋಡುತ್ತಿತ್ತು.

"ರೀ, ಇದೇ ತಲೆಯಲ್ಲಿ ಬಂದ್ರೆ, ನನ್ನ ಪಕ್ಕ ಹಳೇ ಪೇಂಟ್ ಬ್ರಷ್ ನಿಂತ ಹಾಗೆ ಕಾಣುತ್ತೆ."

ಅದು ಶನಿವಾರದ ಮಾತು. ಅಂಟಣ್ಣ ಹುಡುಗಿಯ ಅಂಗಡಿಗೆ ಓಡಿದ. ಅವಳು ಒಂದು ಬಾಟಲಿ ಕೊಟ್ಟಳು. ಹಾಲಿನಂಥ ದ್ರವ.

"ಇದು ಕಂಡೀಷನರ್ ಅಂಕಲ್. ಹಚ್ಚಿ ತೊಳೆಯೋದು ಬೇಡ, ಹಾಗೇ ಬಿಡಬೇಕು. ಬಟಾಣಿ ಕಾಳಷ್ಟು ಸಾಕು. ಕೂದಲ ತುದಿಗೆ ಮಾತ್ರ. ಬುಡಕ್ಕೆ ತಾಗಿಸಬೇಡಿ. ಕೇಳಿಸ್ತಾ?"

"ಕೇಳಿಸ್ತು."

ಕೇಳಿಸಿತ್ತು. ಒಪ್ಪಿಗೆಯಾಗಿರಲಿಲ್ಲ. ತುದಿಗೆ ಬಳಿದು ಬುಡ ಬಿಡುವುದು ಸೋಮಾರಿ ಬಡಗಿ ಮಾಡುವ ಕೆಲಸ! ಪಾಲಿಶ್ ಎನ್ನುವುದು ಸಂದಿಗೆ ಇಳಿಯಬೇಕು, ಮೂಲೆಗೆ ಹೋಗಬೇಕು. ಮೂವತ್ತು ವರ್ಷದಿಂದ ಅವನು ಯಾವ ಮರವನ್ನೂ ಒಂದೇ ಕೋಟ್ ಬಳಿದು ಬಿಟ್ಟವನಲ್ಲ. ಕೌಂಟರಿಗೆ ಮೂರು ಕೋಟ್ ಕೊಟ್ಟ ಕೈ ಸ್ವಂತ ತಲೆಗೆ ಬಟಾಣಿ ಕಾಳು ಹಚ್ಚೀತೇ?

ಭಾನುವಾರ ಬೆಳಿಗ್ಗೆ ಬಚ್ಚಲುಮನೆಯ ಚಿಲಕ ಬಿತ್ತು. ಮೊದಲನೆಯ ಕೋಟ್. ಬೆರಳಿನಿಂದ ಬುಡದವರೆಗೆ ಚೆನ್ನಾಗಿ ತಿಕ್ಕಿದ. ಹೊರಗೆ ಬಂದು ಫ್ಯಾನಿನ ಮುಂದೆ ಹತ್ತು ನಿಮಿಷ ಒಣಗಿಸಿದ. ಎರಡನೆಯ ಕೋಟ್. ಅದನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಅಂಚಿಗೆಲ್ಲ ಕುಡಿಸಿದ. ಮತ್ತೆ ಫ್ಯಾನು. ಮೂರನೆಯ ಕೋಟ್‌ಗೆ ಬಾಟಲಿಯನ್ನು ತಲೆಕೆಳಗು ಮಾಡಿ ಬಡಿಯಬೇಕಾಯಿತು. ಬಲಗಿವಿಯ ಹಿಂದೆ ಅಂಗೈ ಅಗಲದ ಜಾಗಕ್ಕೆ ಮಾತ್ರ ಕೈ ಸರಿಯಾಗಿ ನಿಲುಕಲಿಲ್ಲ. "ಇರಲಿ, ಅದು ಫೋಟೋದಲ್ಲಿ ಬೀಳಲ್ಲ," ಎಂದು ಬಿಟ್ಟ.

ಹೊರಗೆ ಬಂದಾಗ ಕೂದಲು ಮಿರಮಿರ ಮಿಂಚುತ್ತಿತ್ತು!

"ಹೇಗಿದೆ?"

ಹೆಂಡತಿ ಕಣ್ಣರಳಿಸಿದಳು. ಹೊಸ ಬಟ್ಟೆಯಲ್ಲಿ ಅವಳೂ ಮಿಂಚುತ್ತಿದ್ದಳು. "ಪರವಾಗಿಲ್ವೇ! ನಿಜವಾಗಿ ಅವತ್ತಿನ ಹಾಗೇ ಕಾಣ್ತಿದೀರಿ!"

ಇಪ್ಪತ್ತೈದು ವರ್ಷದಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲು. ಅಂಟಣ್ಣ ನಡೆದುಕೊಂಡು ಹೋಗಲಿಲ್ಲ, ತೇಲಿಕೊಂಡು ಹೋದ.

ಬಿಸಿಲು ಏರಿತ್ತು. ಔಷಧದಂಗಡಿ ದಾಟುವಾಗ ಕುತ್ತಿಗೆಗೆ ತಣ್ಣಗೇನೋ ಇಳಿಯಿತು. ಬೆವರು ಎಂದುಕೊಂಡ. ಎದುರಿಗೆ ಬಂದ ಬ್ಯಾಂಕಿನ ಮ್ಯಾನೇಜರಿಗೆ ತಲೆಬಾಗಿ ನಮಸ್ಕಾರ ಮಾಡಿದ. ತಲೆ ಮೇಲೆದ್ದಿತು. ಕೂದಲು ಮಾತ್ರ ಇನ್ನೂ ನಮಸ್ಕಾರ ಮಾಡುತ್ತಲೇ ಇತ್ತು.

ಹೆಂಡತಿ ಥಟ್ಟನೆ ನಿಂತಳು.

"ರೀ, ಬೆಳಿಗ್ಗೆ ನಿಮಗೆ ಹಣೆ ಇತ್ತಲ್ಲ?"

"ಹಣೆ ಎಲ್ಲಿಗೆ ಹೋಗುತ್ತೆ?"

"ಅದೇ ನಾನೂ ಕೇಳ್ತಿರೋದು. ಎರಡು ಬೆರಳಷ್ಟು ಉಳಿದಿದೆ!"

ಅಂಟಣ್ಣ ಕೈಯೆತ್ತಿ ಮುಟ್ಟಿದ. ಮೆಲ್ಲನೆ ಹಿಂದಕ್ಕೆ ತಳ್ಳಿದ. ಅದು ವಿಧೇಯವಾಗಿ ಹಿಂದಕ್ಕೆ ಹೋಯಿತು. ಅಷ್ಟು ವಿಧೇಯತೆ ಅವನಿಗೆ ಹಿಡಿಸಲಿಲ್ಲ. ಅಂಟಿಸಿದ ವಸ್ತು ಹೇಳಿದ ಮಾತು ಕೇಳಬಾರದು!

"ಏನಿಲ್ಲ. ಗಾಳಿ," ಎಂದ. ಗಾಳಿ ಇರಲಿಲ್ಲ. ಅಲ್ಲಿಂದ ಮುಂದೆ ತಲೆಯ ಮೇಲೆ ತುಂಬಿದ ಕೊಡ ಹೊತ್ತವನ ಹಾಗೆ, ಅತ್ತ ಇತ್ತ ನೋಡದೆ ನಡೆದ. ಪರಿಚಯದವರು ಮಾತಾಡಿಸಿದರೆ ಇಡೀ ದೇಹವನ್ನೇ ತಿರುಗಿಸಿ ಉತ್ತರ ಕೊಟ್ಟ.

ಸ್ಟುಡಿಯೋದ ಗೋಡೆಗಳೆಲ್ಲ ಬರಿದಾಗಿದ್ದವು. ಮೂಲೆಯಲ್ಲಿ ಹಗ್ಗ ಬಿಗಿದ ಪೆಟ್ಟಿಗೆಗಳು. ನಡುವೆ ಎರಡು ಸ್ಟೂಲು, ಹಳೆಯ ಪರದೆ, ಬಾಣಲೆಯಷ್ಟು ದೊಡ್ಡ ಎರಡು ದೀಪ. ತಾತ ಕ್ಯಾಮೆರಾವನ್ನು ಎದೆಗೆ ಅವಚಿಕೊಂಡು ಕಾಯುತ್ತಿದ್ದ.

"ಬಾ ತಾಯಿ. ಬನ್ನಿ ಮೇಸ್ತ್ರಿ. ಮೊದಲೇ ಹೇಳಿಬಿಡ್ತೀನಿ, ರೀಲಿನಲ್ಲಿ ಮೂರೇ ಉಳಿದಿರೋದು. ಈ ರೀಲು ಈಗ ಎಲ್ಲೂ ಸಿಗಲ್ಲ. ಮೂರು ಹೊಡೀತೀನಿ, ಬಾಗಿಲು ಹಾಕ್ತೀನಿ, ಎರಡು ಗಂಟೆ ಬಸ್ಸಿಗೆ ಹೋಗ್ತೀನಿ."

"ಮೂರು ಯಾಕೆ, ಒಂದು ಸಾಕು!" ಎಂದ ಅಂಟಣ್ಣ. ಬಡಾಯಿ ಅವನ ಹಳೆಯ ಚಾಳಿ.

ದೀಪಗಳು ಹತ್ತಿದವು. ಒಲೆಯ ಬಾಗಿಲು ತೆರೆದ ಹಾಗೆ ನೆತ್ತಿಗೆ ಬಿಸಿ ಹೊಡೆಯಿತು. ಆಗ ಅಂಟಣ್ಣನಿಗೆ ಒಂದು ವಿಷಯ ನೆನಪಿಗೆ ಬಂತು. ಬರಬಾರದ ಹೊತ್ತಿನಲ್ಲಿ ಬಂತು. ಹಳೆಯ ಮೈಕಾ ಹಾಳೆಯನ್ನು ಮೇಜಿನಿಂದ ಎಬ್ಬಿಸಬೇಕಾದರೆ ಅವನು ಏನು ಮಾಡುತ್ತಾನೆ? ಅಂಚಿಗೆ ಬ್ರಷ್ಷಿನಿಂದ ಎಣ್ಣೆ ಕುಡಿಸುತ್ತಾನೆ. ಸ್ವಲ್ಪ ಹೊತ್ತು ಬಿಡುತ್ತಾನೆ. ಮೇಲಿಂದ ದೀಪದ ಬಿಸಿ ಕೊಡುತ್ತಾನೆ. ಆಮೇಲೆ ಒಂದು ಬೆರಳಿನಿಂದ ತಳ್ಳಿದರೆ ಸಾಕು, ಹಾಳೆ ತಾನಾಗಿ ಜಾರಿ ಬರುತ್ತದೆ.

ಇಷ್ಟನ್ನೂ ಇವತ್ತು ಅವನು ತನ್ನ ತಲೆಗೇ, ಅಚ್ಚುಕಟ್ಟಾಗಿ, ಒಂದನ್ನೂ ಬಿಡದೆ ಮಾಡಿದ್ದ!

"ಮೇಸ್ತ್ರಿ, ಗಲ್ಲ ಸ್ವಲ್ಪ ಕೆಳಗೆ."

"ಕೆಳಗೆ ಬೇಡ ತಾತ."

"ನಾನು ಫೋಟೋಗ್ರಾಫರೋ ನೀವೋ? ಕೆಳಗೆ!"

ಗಲ್ಲ ಕೆಳಗೆ ಹೋಯಿತು. ಕೂದಲು ಅದಕ್ಕಿಂತ ಬೇಗ ಕೆಳಗೆ ಹೋಯಿತು. ಕ್ಲಿಕ್!

ತಾತ ಕ್ಯಾಮೆರಾದಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದ. "ಅಮ್ಮಾ, ನಿನ್ನ ಯಜಮಾನರು ಎದ್ದು ಹೋದ್ರಾ? ಅಲ್ಲಿ ಕೂತಿರೋದು ಯಾರು?"

ಅಂಟಣ್ಣ ಎರಡು ಬೆರಳಿನಿಂದ ಪರದೆ ಸರಿಸಿದ ಹಾಗೆ ಕೂದಲು ಸರಿಸಿ ಹೊರಗೆ ಇಣುಕಿದ. "ನಾನೇ."

"ಒಂದು ಹೋಯ್ತು!" ಎಂದ ತಾತ. "ಈಗ ಸ್ವಲ್ಪ ಎಡಕ್ಕೆ ವಾಲಿ, ಹೆಂಡತಿ ಕಡೆಗೆ."

ವಾಲಿದ. ಆಗ ಗೊತ್ತಾಯಿತು, ಪ್ಯಾಚು ಪೂರ್ತಿ ಬಿಟ್ಟಿರಲಿಲ್ಲ. ಕೈ ನಿಲುಕದ ಆ ಬಲಗಿವಿಯ ಹಿಂದಿನ ಅಂಗೈ ಅಗಲ ಮಾತ್ರ ಬಂಡೆಯ ಹಾಗೆ ಹಿಡಿದಿತ್ತು. ಉಳಿದದ್ದೆಲ್ಲ ಅದೊಂದೇ ಕೀಲಿನ ಮೇಲೆ ಗೇಟಿನ ಹಾಗೆ ತಿರುಗುತ್ತಿತ್ತು! ಎಡಕ್ಕೆ ವಾಲಿದರೆ ಗೇಟು ಎಡಕ್ಕೆ. ಮುಂದೆ ಬಗ್ಗಿದರೆ ಗೇಟು ಮುಂದಕ್ಕೆ. ಅದು ಕಿವಿಯ ಮೇಲೆ ಧೊಪ್ಪನೆ ಬೀಳುವಾಗ ಅಂಟಣ್ಣ ಗಾಬರಿಯಿಂದ ಎರಡೂ ಕೈ ಮೇಲೆತ್ತಿದ. ಕ್ಲಿಕ್!

ಎರಡನೆಯ ಫೋಟೋದಲ್ಲಿ ಅಂಟಣ್ಣ ಪೊಲೀಸರಿಗೆ ಶರಣಾಗುತ್ತಿದ್ದಾನೆ.

"ನಲವತ್ತು ವರ್ಷದಲ್ಲಿ ಕಣ್ಣು ಮುಚ್ಚಿದವರನ್ನ ನೋಡಿದೀನಿ, ಸೀನಿದವರನ್ನ ನೋಡಿದೀನಿ," ಎಂದ ತಾತ ನಿಧಾನವಾಗಿ. "ಕೂದಲು ವಾಕಿಂಗ್ ಹೋಗೋದನ್ನ ಇವತ್ತೇ ನೋಡಿದ್ದು. ಒಂದೇ ಉಳಿದಿದೆ ತಾಯಿ."

ಹೆಂಡತಿ ಬೈದಿದ್ದರೆ ಅಂಟಣ್ಣನಿಗೆ ಎಷ್ಟೋ ವಾಸಿಯಿತ್ತು. ಮಡಿಲಲ್ಲಿ ಕೈ ಇಟ್ಟುಕೊಂಡು, ಕಟ್ಟಿಟ್ಟ ಪೆಟ್ಟಿಗೆಗಳನ್ನು ನೋಡುತ್ತ, "ಒಂದು ಫೋಟೋ ರೀ. ಇಪ್ಪತ್ತೈದು ವರ್ಷಕ್ಕೆ ಒಂದೇ ಒಂದು," ಎಂದಳು.

ಅಂಟಣ್ಣ ಅವಳ ಮುಂದೆ ತಲೆ ಬಗ್ಗಿಸಿದ. "ಕಿತ್ತುಬಿಡು. ಬೋಳುತಲೆಯಲ್ಲೇ ಕೂರ್ತೀನಿ."

ಅವಳು ಹಿಡಿದು ಎಳೆದಳು.

"ಅಯ್ಯಯ್ಯೋ! ಕಿವಿ! ಕಿವಿ ಬರ್ತಿದೆ!"

ಅವನು ಜೇಬಿನಿಂದ ಅಂಟಿನ ಟ್ಯೂಬು ತೆಗೆದ. ಅದಿಲ್ಲದೆ ಅವನು ಮನೆಯಿಂದ ಹೊರಡುವುದಿಲ್ಲ. ಹೆಂಡತಿ ಕಣ್ಣು ಕೆಂಪಗೆ ಮಾಡಿ, "ಅದನ್ನ ತಲೆಗೆ ತಾಗಿಸಿ ನೋಡಿ!" ಎಂದಳು. ಹೇಳಬೇಕಿರಲಿಲ್ಲ. ಅವನೇ ಟ್ಯೂಬನ್ನು ಮತ್ತೆ ಜೇಬಿಗೆ ಹಾಕಿದ.

"ಆಗಲ್ಲ ಕಣೇ. ಜಿಡ್ಡಿನ ಮೇಲೆ ಅಂಟು ಹಿಡಿಯಲ್ಲ."

"ಜಿಡ್ಡು ಎಲ್ಲಿಂದ ಬಂತು? ಬಟಾಣಿ ಕಾಳಷ್ಟು ಅಂದಿದ್ಳಂತಲ್ಲ ಆ ಹುಡುಗಿ. ಎಷ್ಟು ಹಾಕಿದ್ರಿ?"

ಅಂಟಣ್ಣ ನೆಲ ನೋಡಿದ. ಕೂದಲೂ ನೆಲ ನೋಡಿತು.

"ಮೂರು ಕೋಟ್."

ಬಡಗಿಯ ಹೆಂಡತಿಗೆ ಕೋಟ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳ ತುಟಿ ಅದುರಿತು. ಅಳುತ್ತಾಳೆಂದು ಅಂಟಣ್ಣ ಹೆದರಿದ. ಅಳಲಿಲ್ಲ. ಮೊದಲು ಮೂಗಿನಲ್ಲಿ ಒಂದು ಸದ್ದು ಬಂತು. ಆಮೇಲೆ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಸ್ಟೂಲಿನಿಂದ ಬೀಳುವಷ್ಟು ನಕ್ಕಳು. "ಮಧ್ಯೆ ಒಣಗಿಸಿದ್ರಾ?" ಎಂದು ಕೇಳಿದಳು. "ಹೂಂ, ಹತ್ತತ್ತು ನಿಮಿಷ," ಎಂದ. ಮತ್ತೂ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ, ತಾತನೂ ಕ್ಯಾಮೆರಾ ಕುಲುಕಿಸಿ ನಗುವವರೆಗೆ ನಕ್ಕಳು.

ನಗುತ್ತಲೇ ಎದ್ದು ಅವನ ಹಿಂದೆ ಬಂದು ನಿಂತಳು. ಗೇಟನ್ನು ಎತ್ತಿ ಅದರ ಜಾಗಕ್ಕೆ ತಂದಳು. ಮೇಲೆ ತನ್ನ ಅಂಗೈಯನ್ನು ಪಟ್ಟನೆ ಇಟ್ಟು, ಇಡೀ ಭಾರ ಬಿಟ್ಟು ಅದುಮಿದಳು.

"ಅಲುಗಾಡಬೇಡಿ. ತಾತಾ, ಬೇಗ!"

ಕ್ಲಿಕ್!

ಅಂಗಡಿಯ ಹುಡುಗಿ ಆ ಸಂಜೆ ಸ್ಪಿರಿಟ್ ಹಾಕಿ ಬಲಗಿವಿಯ ಹಿಂದಿನ ಕೀಲನ್ನೂ ಬಿಡಿಸಿದಳು.

"ಎಷ್ಟು ಹಾಕಿದ್ರಿ ಅಂಕಲ್?"

ಅಂಟಣ್ಣ ಖಾಲಿ ಬಾಟಲಿಯನ್ನು ಮೇಜಿನ ಮೇಲಿಟ್ಟ. ಹುಡುಗಿ ಬಾಟಲಿ ನೋಡಿದಳು. ಅವನ ತಲೆ ನೋಡಿದಳು. "ಇದು ಆರು ತಿಂಗಳಿಗೆ ಅಂಕಲ್," ಎಂದಳು. "ಮತ್ತೆ ಅಂಟಿಸಲಾ?"

"ಬೇಡಮ್ಮ," ಎಂದ ಅಂಟಣ್ಣ. ಜೀವನದಲ್ಲಿ ಮೊದಲ ಸಲ ಒಂದು ವಸ್ತುವನ್ನು ಅಂಟಿಸುವುದು ಬೇಡವೆಂದ.

ಹದಿನೈದು ದಿನಕ್ಕೆ ಅಂಚೆಯಲ್ಲಿ ಫೋಟೋ ಬಂತು. ಹಿಂದೆ ತಾತನ ನಡುಗುವ ಅಕ್ಷರ: "ಕೊನೆಯದು. ನಾನು ತೆಗೆದದ್ದರಲ್ಲಿ ಒಳ್ಳೆಯದು." ಫೋಟೋದಲ್ಲಿ ಅಂಟಣ್ಣ ಮಗುವಿನ ಹಾಗೆ ಕಣ್ಣು ಮೇಲೆ ಮಾಡಿ ಕೂತಿದ್ದಾನೆ. ಹಿಂದೆ ಹೆಂಡತಿ, ಒಂದು ಕೈ ಅವನ ತಲೆಯ ಮೇಲೆ. ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಾಳೆ. ಆ ಹಳೆಯ ಫೋಟೋದಲ್ಲೂ ಅವಳು ಇಷ್ಟು ಚೆನ್ನಾಗಿ ನಕ್ಕಿರಲಿಲ್ಲ.

ಚೌಕಟ್ಟು ಅಂಟಣ್ಣನೇ ಮಾಡಿದ. ಹೆಂಡತಿ ಕುರ್ಚಿ ಹಾಕಿಕೊಂಡು ಎದುರಿಗೇ ಕೂತು ಕಾವಲು ಕಾದಳು. ನಾಲ್ಕು ಮೊಳೆ. ಅಂಟಿನ ಡಬ್ಬಿ ಅವಳ ಕುರ್ಚಿಯ ಕೆಳಗೆ.

ಮೊಣಕೈಯ ಪಕ್ಕದಲ್ಲೇ ಅದನ್ನು ನೇತುಹಾಕುತ್ತಿದ್ದಾಗ ಪಕ್ಕದ ಮನೆಯಾಕೆ ಬಂದಳು. ಬಂದವಳೇ ಕೆನ್ನೆಗೆ ಕೈ ಹಚ್ಚಿದಳು.

"ಅಯ್ಯೋ, ಎಷ್ಟು ಪ್ರೀತಿ ರೀ! ಇಷ್ಟು ವರ್ಷ ಆದ್ಮೇಲೂ ಗಂಡನ ತಲೆ ಸವರ್ತಾ ನಿಂತಿದೀರಲ್ಲ!"

ಸುತ್ತಿಗೆ ಹಿಡಿದ ಅಂಟಣ್ಣನ ಎದೆ ಮತ್ತೆ ಒಂದಿಂಚು ಉಬ್ಬಿತು.

"ಪ್ರೀತಿ ಎಲ್ಲಿ ಬಂತು, ಅದು ಕ್ಲಾಂಪು!" ಎಂದಳು ಹೆಂಡತಿ. "ಅಂಟಿಸಿದ್ದು ಹಿಡಿಯೋವರೆಗೂ ಮೇಲಿಂದ ಅದುಮಿ ಹಿಡಿದಿರಬೇಕಂತೆ. ಮದುವೆ ಆದ ವಾರವೇ ಹೇಳ್ಕೊಟ್ರು. ಅಂಟು ಹಿಡೀಲಿ ಅಂತ ಒಂದು ಮೇಜಿನ ಮೇಲೆ ನನ್ನನ್ನ ಎರಡು ಗಂಟೆ ಕೂರಿಸಿದ್ರು."

"ಹಾಗಾದ್ರೆ ಇವರನ್ನ ಎಷ್ಟು ಹೊತ್ತು ಹಿಡಿದಿರಬೇಕು?"

ಹೆಂಡತಿ ಗಂಡನ ಹೊಳೆಯುವ ತಲೆಯನ್ನು ಒಮ್ಮೆ ನೋಡಿದಳು.

"ಇಪ್ಪತ್ತೈದು ವರ್ಷ ಆಯ್ತು. ಕೈ ತೆಗೆದು ನೋಡೋಕೆ ನನಗಿನ್ನೂ ಧೈರ್ಯ ಬಂದಿಲ್ಲ!"